ಎಡಗಾಲನ್ನು ಬಿಟ್ಟುಕೊಡಲಿಲ್ಲ

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನೂ ನನ್ನ ಗಂಡನೂ ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್‌ಗೆ ಹೋಗಿ, ಒಂದು ಚೀಲ ಬೆಳ್ಳುಳ್ಳಿ ಹಾಕಿಕೊಂಡು ಫ್ರೀಮಾಂಟ್‌ನ ಮನೆಗೆ ವಾಪಸು ಬರುತ್ತಿದ್ದೆವು. ಫ್ರೀವೇಯಲ್ಲಿ ಟೈರು ಪಂಕ್ಚರಾಯಿತು. ಅವರು ಜಾಕು ಕೊಟ್ಟು ಕಾರೆತ್ತಿ ಚಕ್ರ ಬಿಚ್ಚಿದರು. ನಾನು ಪಕ್ಕದಲ್ಲೇ ಕೂತು ಬೋಲ್ಟುಗಳನ್ನು ಹಿಡಿದುಕೊಂಡಿದ್ದೆ. ಜಾಕು ಜಾರಿತು. ಕಾರು ನನ್ನ ಎಡಪಾದದ ಮೇಲೆ ಕೂತಿತು.

ಮೂಳೆಯೇನೋ ಕೂಡಿಕೊಂಡಿತು. ಆದರೆ ಪ್ಲಾಸ್ಟರು ಬಿಚ್ಚಿದ ಮೇಲೆ ಶುರುವಾದ ಉರಿ ನಿಲ್ಲಲಿಲ್ಲ. ಸೀರೆಯ ನೆರಿಗೆ ಸೋಕಿದರೂ ಕೆಂಡ ತುಳಿದ ಹಾಗೆ. ನೆಲಕ್ಕೆ ಊರುವ ಮಾತೇ ಇಲ್ಲ. ಊರದ ಕಾಲು ಸೊರಗುತ್ತ ಹೋಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಮೀನಖಂಡ ಕರಗಿ, ತೊಡೆಯ ಚರ್ಮ ಜೋಲು ಬಿದ್ದು, ಅದು ನನ್ನದೇ ಕಾಲು ಅನ್ನುವುದಕ್ಕೆ ಪಾದದ ಮಚ್ಚೆಯೊಂದೇ ಗುರುತು.

ಕೊನೆಗೆ ಸರ್ಜನ್ ಒಬ್ಬರು ಬೆನ್ನುಹುರಿಯ ಹತ್ತಿರ ಸಣ್ಣ ತಂತಿ ಕೂರಿಸಿದರು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೆಟ್ಟಿಗೆಯೊಂದನ್ನು ಕೊಟ್ಟರು. ಅದರ ಗುಂಡಿ ತಿರುಗಿಸಿದರೆ ಕಾಲಿನುದ್ದಕ್ಕೂ ಜುಮ್ ಅನ್ನುವುದು, ಆ ಜುಮ್ಮಿನ ಅಡಿಯಲ್ಲಿ ಉರಿ ಅಡಗುವುದು. ಮೊದಲ ಸಲ ಹಚ್ಚಿದಾಗ ಖುಷಿಗೆ ನಾನು ಅತ್ತುಬಿಟ್ಟೆ.

ಸರ್ಜನ್ ಮಾತ್ರ ನಗಲಿಲ್ಲ. "ಇದು ನೋವಿಗೆ ಅಷ್ಟೇ. ಈ ಕಾಲು ಇನ್ನು ನಿಮ್ಮನ್ನು ಹೊರುವುದಿಲ್ಲ. ವೀಲ್‌ಚೇರಿಗೆ ಹೊಂದಿಕೊಳ್ಳಿ" ಅಂದರು.

ನನ್ನ ಗಂಡ ಆ ಮಾತನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ಬಂದರು. ಆ ವಾರವೇ ಬಾಗಿಲ ಮೆಟ್ಟಿಲ ಮೇಲೆ ಇಳಿಜಾರಾಗಿ ಹಲಗೆ ಹೊಡೆದರು. ಡಬ್ಬಿಗಳನ್ನೆಲ್ಲ ಕೆಳಗಿನ ಶೆಲ್ಫಿಗೆ ಇಳಿಸಿದರು. ಎಲ್ಲ ಪ್ರೀತಿಯಿಂದಲೇ. ನನಗೆ ಮೈ ಉರಿಯಿತು.

ಪೆಟ್ಟಿಗೆ ಹಚ್ಚಿ, ಅಡುಗೆಮನೆಯ ಕಟ್ಟೆ ಹಿಡಿದು, ಎಡಗಾಲು ಊರಿದೆ. ಕಾಲು ನಡುಗಿತು, ಮಡಚಿಕೊಂಡಿತು, ನಾನು ಕುಸಿದೆ. ಅವರು ಓಡಿ ಬಂದರು.

"ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವೇನೇ ನಿಂಗೆ?"

"ಕೇಳಿಸ್ತು. ಒಪ್ಪಲಿಲ್ಲ."

"ಅದು ಬರೀ ನೋವಿಗೆ ಅಂತ ಇಟ್ಟಿರೋದು ಕಣೇ!"

"ನೋವಿಲ್ಲದ ಕಾಲನ್ನ ಸುಮ್ನೆ ಮಲಗಿಸಿಡೋಕೆ ನಾನು ಬೆನ್ನು ಕುಯ್ಯಿಸಿಕೊಂಡ್ನೇನ್ರೀ? ಮೊದ್ಲು ಆ ಹಲಗೆ ಕೀಳಿ."

ಅವರು ಕೀಳಲಿಲ್ಲ. ನಾನೂ ಅದರ ಮೇಲೆ ಹೋಗಲಿಲ್ಲ. ಮೆಟ್ಟಿಲ ಅಂಚಿನಲ್ಲಿ ಉಳಿದಿದ್ದ ಗೇಣು ಜಾಗದಲ್ಲಿ ಊರುಗೋಲು ಊರಿಕೊಂಡು ಇಳಿಯುತ್ತಿದ್ದೆ.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಥೆರಪಿಸ್ಟ್ ಹೆಂಗಸು ಭರವಸೆ ಕೊಡುವವಳಲ್ಲ. ಮಂಡಿಯಡಿಗೆ ಸುತ್ತಿದ ಟವೆಲಿಟ್ಟು, "ಒತ್ತಿ" ಅನ್ನುವಳು. ವಾರಗಟ್ಟಲೆ ಒತ್ತಿದರೂ ತೊಡೆ ಸತ್ತಂತೆ ಬಿದ್ದಿತ್ತು. ಒಂದು ಮಧ್ಯಾಹ್ನ ಚರ್ಮದಡಿಯಲ್ಲಿ ಏನೋ ಮಿಸುಕಿತು. ಅವಳು ನನ್ನ ಕೈಯನ್ನೇ ಅಲ್ಲಿ ಇಟ್ಟಳು. "ನಿಮ್ಮದೇ ಸ್ನಾಯು. ಮತ್ತೆ ಒತ್ತಿ."

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಕುಕ್ಕರು ಕೂಗುವ ತನಕ ಒಲೆಯ ಮುಂದೆ ನಿಂತೇ ಇರುತ್ತಿದ್ದೆ. ಪೆಟ್ಟಿಗೆಯ ಬ್ಯಾಟರಿ ಮುಗಿದ ದಿನ ಹಲ್ಲು ಕಚ್ಚಿ ನಿಂತೆ. ಬಿದ್ದ ದಿನಗಳೂ ಬಹಳ. ಒಮ್ಮೆ ಬಿದ್ದು ಮಣಿಕಟ್ಟು ಉಳುಕಿದಾಗ ನನ್ನ ಗಂಡ ಬಯ್ಯದೆ ಬಿಸಿನೀರು ಕಾಯಿಸಿಕೊಟ್ಟು, ಹೊರಗೆ ಹೋಗಿ ಹಲಗೆಯ ಮೊಳೆ ಕಿತ್ತರು. ಆ ಸದ್ದು ಕೇಳುತ್ತ ನಾನು ಮಣಿಕಟ್ಟನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದೆ.

ಮುಂದಿನ ವರ್ಷ ಸರ್ಜನ್‌ರ ಕೋಣೆಗೆ ಕೋಲೂರಿಕೊಂಡು ನಡೆದೇ ಹೋದೆ. ಅವರು ಎದ್ದು ನಿಂತರು. "ಯಂತ್ರ ಅದ್ಭುತವಾಗಿ ಕೆಲಸ ಮಾಡಿದೆ" ಅಂದರು.

"ಯಂತ್ರ ನೋವನ್ನು ತಡೆದು ನಿಲ್ಲಿಸಿತು, ಡಾಕ್ಟರ್. ಕಾಲೆತ್ತಿದ್ದು ನಾನು."



ಎಡಗಾಲು ಇವತ್ತಿಗೂ ಬಲಗಾಲಿಗಿಂತ ಸಣ್ಣ. ದೂರ ನಡೆದರೆ ಎಳೆಯುತ್ತದೆ. ಸರ್ಜನ್‌ರ ಮುಂದೆ ನಡೆದು ಹೋದ ಆ ವರ್ಷವೇ, ಪೆಟ್ಟಾದ ಮೇಲೆ ಬಿಟ್ಟಿದ್ದ ಆಫೀಸಿಗೆ ಮತ್ತೆ ಸೇರಿದೆ. ಮೊದಲ ದಿನ ಬೇಕಂತಲೇ ಮಂಡಿವರೆಗಿನ ಸ್ಕರ್ಟು ಹಾಕಿಕೊಂಡೆ. ಟ್ರೇನಿನಲ್ಲಿ ಎದುರಿಗೆ ಕೂತಿದ್ದವರು ಕಾಲನ್ನೇ ದಿಟ್ಟಿಸಿದರು. ನೋಡಿಕೊಳ್ಳಲಿ ಅಂತ ಮುಂದಕ್ಕೆ ಚಾಚಿ ಕೂತೆ.