ಜೋಡಿ ಮೇಡಂ ಹಾಕಿದ ಮೂರನೇ ಸಹಿ

ನಾನು ದರ್ಜಿ. ನಮ್ಮ ಅಂಗಡಿಯ ಮುಂದಿನರ್ಧ ನನ್ನದು, ಹಿಂದಿನರ್ಧ ನನ್ನ ಹೆಂಡತಿಯದು. ನಡುವೆ ನಾನೇ ಹೊಲಿದ ಪರದೆ. ಈಚೆ ಪ್ಯಾಂಟು ಗಿಡ್ಡ ಮಾಡಿಸಿಕೊಳ್ಳುವವರು ಬರುತ್ತಾರೆ, ಆಚೆ ಕಂಪ್ಯೂಟರ್ ಕಟ್ಟಿಸಿಕೊಳ್ಳುವವರು ಹೋಗುತ್ತಾರೆ. ಹಿಂದೆಲ್ಲ ಬೀದಿಯವರು ಅವಳನ್ನು ದರ್ಜಿಯ ಹೆಂಡತಿ ಎನ್ನುತ್ತಿದ್ದರು. ಈಗ ನನ್ನನ್ನು ಜೋಡಿ ಮೇಡಂ ಗಂಡ ಎನ್ನುತ್ತಾರೆ. ಮೊದಮೊದಲು ಸ್ವಲ್ಪ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಅಭ್ಯಾಸವಾಯಿತು.

ಜೋಡಿ ಎಂಬ ಹೆಸರು ಅವಳ ಹಟದಿಂದ ಬಂದದ್ದು. ದೂರದ ಊರುಗಳ ಸಣ್ಣ ಕಚೇರಿಗಳಿಗೆ ಅವಳು ಕಟ್ಟಿಕೊಡುವ ಕಂಪ್ಯೂಟರಿನಲ್ಲಿ ಯಾವಾಗಲೂ ಎರಡು ಪ್ರೊಸೆಸರ್, ಅಂದರೆ ಎರಡು ಮಿದುಳು ಇರುತ್ತವೆ. ಐದಾರು ಮೇಜಿನ ಕಚೇರಿಗೆ ದೊಡ್ಡ ಸರ್ವರ್ ಎಟುಕುವುದಿಲ್ಲ. ಅಲ್ಲಿ ಒಂದೇ ಕಂಪ್ಯೂಟರ್ ತನ್ನ ಮುಂದೆ ಕುಳಿತವರ ಕೆಲಸವನ್ನೂ ಮಾಡಬೇಕು, ಮಿಕ್ಕ ಮೇಜಿನವರು ಕೇಳಿದ ಫೈಲುಗಳನ್ನು ತಂತಿಯ ಮೂಲಕ ಕೊಡಲೂ ಬೇಕು. ಒಂದು ಪ್ರೊಸೆಸರ್ ಸಾಲದೇ ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತದೆ.

"ಒಲೆ ಮೇಲೆ ಹಾಲಿಟ್ಟೋರೇ ಬಾಗಿಲು ತೆಗೆಯೋಕೂ ಓಡಿದ್ರೆ ಹಾಲು ಉಕ್ಕಿಹೋಗುತ್ತೆ. ಮನೇಲಿ ಇಬ್ಬರಿರಬೇಕು."

ಕಟ್ಟಿದ ಯಂತ್ರವನ್ನು ಅವಳು ತಕ್ಷಣ ಕಳಿಸುವವಳಲ್ಲ. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದಿಟ್ಟು, ಮೂರು ದಿನ ಎಡೆಬಿಡದೆ ಓಡಿಸಿ, ಒಳಗಿನ ಫ್ಯಾನುಗಳು ತಿರುಗುವುದನ್ನು ಬಂದು ಬಂದು ನೋಡುತ್ತಿದ್ದಳು. ತೊಟ್ಟಿಲಲ್ಲಿದ್ದ ಮಗಳನ್ನೂ ನೀನು ಇಷ್ಟು ಸಲ ಬಗ್ಗಿ ನೋಡಿರಲಿಲ್ಲ ಎಂದು ನಾನು ಛೇಡಿಸಿದರೆ, ಮಗಳು ಇಷ್ಟು ಬಿಸಿಯಾಗುತ್ತಿರಲಿಲ್ಲ ಎನ್ನುತ್ತಿದ್ದಳು. ಆ ಮೂರು ದಿನದ ಪರೀಕ್ಷೆಯ ಬಗ್ಗೆ ಅವಳಿಗೆ ಬಲು ಹೆಮ್ಮೆ.

ಒಂದು ವರ್ಷ ಬೆಟ್ಟದಾಚೆಯ ಸರ್ವೆ ಕಚೇರಿಯೊಂದಕ್ಕೆ ಯಂತ್ರ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಆರು ಮೇಜಿನ ಆ ಕಚೇರಿಯಲ್ಲಿ ಅದರ ಮುಂದೆ ಕೂರುತ್ತಿದ್ದ ಹಿರಿಯ ನಕ್ಷೆಗಾರರಿಗೆ ಐವತ್ತು ದಾಟಿತ್ತು. ಮೂವತ್ತು ವರ್ಷ ಕೈಯಲ್ಲೇ ನಕ್ಷೆ ಬರೆದವರು, ಮೌಸ್ ಹಿಡಿದದ್ದು ಆಗಷ್ಟೇ. ಯಂತ್ರ ಚೆನ್ನಾಗಿ ನಡೆದರೆ ಇಂಥವೇ ಇನ್ನೂ ಹನ್ನೆರಡು ಬೇಕು ಎಂದು ಮುಖ್ಯ ಕಚೇರಿಯ ಸಾಹೇಬರು ಹೇಳಿದ್ದರು.

ತಿಂಗಳು ತುಂಬುವುದರೊಳಗೆ ದೂರು ಬಂತು. ಎಲ್ಲರೂ ದೊಡ್ಡ ದೊಡ್ಡ ನಕ್ಷೆ ತೆರೆದು ಕುಳಿತಾಗ ಯಂತ್ರ ನಿಂತೇಬಿಡುತ್ತದೆ, ಮಾಡಿದ ಕೆಲಸವೆಲ್ಲ ಮಾಯವಾಗುತ್ತದೆ ಎಂದು. ಇವಳು ಹೋದಳು. ಮುಚ್ಚಳ ಬಿಚ್ಚಿಟ್ಟು ಇಡೀ ದಿನ ಓಡಿಸಿ ನೋಡಿದಳು. ಒಂದು ಸಲವೂ ನಿಲ್ಲಲಿಲ್ಲ. ಮುಚ್ಚಳ ಹಾಕಿ, ಯಂತ್ರದಲ್ಲಿ ದೋಷವಿಲ್ಲ ಎಂದು ಬರೆದು ಸಹಿ ಮಾಡಿ ಬಂದಳು. ವಾರ ಕಳೆಯುವುದರಲ್ಲಿ ಮತ್ತೆ ನಿಂತಿತು. ಮತ್ತೆ ಹೋದಳು, ಮತ್ತೆ ಮುಚ್ಚಳ ಬಿಚ್ಚಿದಳು, ಮತ್ತೆ ಅದು ಚೆನ್ನಾಗಿಯೇ ನಡೆಯಿತು. ಮತ್ತೊಂದು ಸಹಿ ಬಿತ್ತು.

ಆ ಎರಡು ಸಹಿ ಸೇರಿ ನಕ್ಷೆಗಾರರ ಕುತ್ತಿಗೆಗೆ ಬಂತು. ಮೇಡಂ ಇದ್ದಾಗ ನಡೆಯುವ ಯಂತ್ರ ನೀವು ಕೂತಾಗ ನಿಲ್ಲುತ್ತದೆಂದರೆ ಕೆಡಿಸುತ್ತಿರುವವರು ನೀವೇ ಎಂದು ಮುಖ್ಯ ಕಚೇರಿಯವರು ನೋಟಿಸು ಕೊಟ್ಟರು. ವಿಚಾರಣೆಯಲ್ಲಿ ಸಾಬೀತಾದರೆ ನಕ್ಷೆಯ ಕೆಲಸ ಬಿಡಿಸಿ ಹಳೇ ಕಾಗದಗಳ ಗೋದಾಮಿಗೆ ಹಾಕುತ್ತೇವೆ ಎಂದೂ ಬರೆದಿದ್ದರು. ಪಾಪ, ನಕ್ಷೆಗಾರರೇ ಫೋನು ಮಾಡಿದರು.

"ಮೇಡಂ, ನಾನೇನೂ ಮಾಡ್ತಿಲ್ಲ. ಒಂದು ಸಲ ನನ್ನ ಪಕ್ಕ ಸುಮ್ಮನೆ ಕೂತು ನೋಡ್ತೀರಾ?"

ಈ ಸಲ ನಾನೂ ಜೊತೆಗೆ ಹೋದೆ. ಅವಳು ಸ್ಕ್ರೂಡ್ರೈವರನ್ನು ಚೀಲದಿಂದ ತೆಗೆಯಲೇ ಇಲ್ಲ. ಸ್ಟೂಲು ಎಳೆದುಕೊಂಡು ನಕ್ಷೆಗಾರರ ಪಕ್ಕ ಕುಳಿತಳು. ಅವರು ಉಸಿರು ಬಿಗಿಹಿಡಿದು ಒಂದೊಂದೇ ಗೆರೆ ಎಳೆಯತೊಡಗಿದರು. ಮಿಕ್ಕ ಐದು ಮೇಜಿನವರೂ ತಮ್ಮ ತಮ್ಮ ನಕ್ಷೆ ತೆರೆದರು. ಹನ್ನೆರಡೂವರೆಯ ಹೊತ್ತಿಗೆ ಮಾನಿಟರಿನ ಮೇಲಿನ ಬಾಣ ಅಲ್ಲಾಡದೆ ನಿಂತಿತು. ನಕ್ಷೆಗಾರರು ಎರಡೂ ಕೈ ಮೇಲೆತ್ತಿ ತೋರಿಸಿದರು, ತಾವು ಏನೂ ಮುಟ್ಟಿಲ್ಲ ಎನ್ನುವಂತೆ. ಅಷ್ಟು ವಯಸ್ಸಾದವರು ಹಾಗೆ ಕೈ ಎತ್ತಿದ್ದು ನೋಡಲಾಗದೆ ನಾನು ಕಿಟಕಿಯತ್ತ ತಿರುಗಿದೆ.

ಅವಳು ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿ ತಟ್ಟನೆ ಹಿಂದೆಳೆದುಕೊಂಡಳು. ಅಷ್ಟು ಸುಡುತ್ತಿತ್ತು. ಮುಚ್ಚಳ ಬಿಚ್ಚಿ ಪೆಟ್ಟಿಗೆಯ ಹಿಂಬದಿಯ ಫ್ಯಾನಿನ ಮುಂದೆ ಒಂದು ಕಾಗದದ ಚೂರು ಹಿಡಿದಳು. ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳಬೇಕಾದ ಫ್ಯಾನು ಹೊರಗಿನದನ್ನು ಒಳಗೆ ನೂಕುತ್ತಿತ್ತು. ಅವಳೇ ಅದನ್ನು ಹಿಂದುಮುಂದಾಗಿ ಕೂರಿಸಿದ್ದಳು. ಎರಡು ಪ್ರೊಸೆಸರಿನ ಬಿಸಿಯೆಲ್ಲ ಒಳಗೇ ಸುತ್ತಿ, ಯಂತ್ರ ಬೆಂದು ನಿಲ್ಲುತ್ತಿತ್ತು. ಮುಚ್ಚಳ ತೆಗೆದಿದ್ದರೆ ಬಿಸಿ ತಾನಾಗಿಯೇ ಹೊರಗೆ ಹೋಗುತ್ತಿತ್ತು. ಮೂರು ದಿನದ ಪರೀಕ್ಷೆ, ಎರಡು ಸಲದ ಭೇಟಿ, ಎಲ್ಲವೂ ಮುಚ್ಚಳ ತೆಗೆದೇ ನಡೆದಿದ್ದವು. ದೀಪದ ಬುಡದಲ್ಲೇ ಕತ್ತಲು.

ಹತ್ತೇ ನಿಮಿಷದಲ್ಲಿ ಫ್ಯಾನನ್ನು ತಿರುಗಿಸಿ ಕೂರಿಸಿದಳು. ಮುಚ್ಚಳ ಬಿಗಿದು ಸಂಜೆಯವರೆಗೂ ಓಡಿಸಿದಳು, ಯಂತ್ರ ನಿಲ್ಲಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬುದ್ಧಿ ಹೇಳಲು ಹೋದೆ.

"ಸರಿ ಹೋಯ್ತಲ್ಲ, ಬಿಡು. ವಿಚಾರಣೇಲಿ ಕರೆಂಟಿನ ದೋಷ ಅಂದುಬಿಡು. ಅವರೂ ಉಳ್ಕೋತಾರೆ, ಆ ಹನ್ನೆರಡು ಯಂತ್ರಾನೂ ಉಳಿಯುತ್ತೆ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರೆ."

"ಒದೀಲಿ. ಕರೆಂಟು ಅಂದ್ರೆ ಅವರ ಮೇಲಿನ ಅನುಮಾನ ಪೂರ್ತಿ ಹೋಗಲ್ಲ ರೀ. ನನ್ನ ಎರಡು ಸಹಿ ಅಲ್ಲೇ ಕೂತಿದೆ. ಅದನ್ನ ನಾನೇ ಹೊಡೆದು ಹಾಕ್ಬೇಕು."

ವಿಚಾರಣೆಯ ಕೋಣೆಯಲ್ಲಿ ನಕ್ಷೆಗಾರರು ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು. ನಾನು ಬಾಗಿಲ ಹತ್ತಿರ ಇದ್ದೆ. ಇವಳು ಫ್ಯಾನಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಸಾಹೇಬರು ಕಡತದಲ್ಲಿದ್ದ ಎರಡು ಹಾಳೆ ಹೊರಗೆಳೆದರು.

"ಹಾಗಾದ್ರೆ ಇಲ್ಲಿ ಎರಡು ಸಲ ಸುಳ್ಳು ಬರೆದುಕೊಟ್ಟಿದ್ದೀರಾ?"

"ಸುಳ್ಳಲ್ಲ ಸಾರ್, ತಪ್ಪು. ನಮ್ಮ ಯಜಮಾನರು ದರ್ಜಿ. ಗುಂಡಿ ಹಾಕಿಸಿ ನೋಡದೆ ಅಂಗಿ ಸರಿಯಾಗಿದೆ ಅಂತ ಅವರು ಯಾವತ್ತೂ ಹೇಳಲ್ಲ. ನಾನು ಹೇಳಿಬಿಟ್ಟೆ. ಇವರದ್ದೇನೂ ಇಲ್ಲ, ಎಲ್ಲಾ ನಂದೇ. ಈಗ್ಲೇ ಬರೆದುಕೊಡ್ತೀನಿ."

ನಿಂತುಕೊಂಡೇ ಬರೆದು ಮೂರನೇ ಸಹಿ ಹಾಕಿದಳು. ನಾನು ಕತ್ತರಿ ಹಿಡಿದು ಇಷ್ಟು ವರ್ಷವಾಯಿತು. ಹೊಲಿಗೆ ಕೆಟ್ಟಾಗ ಬಟ್ಟೆಯೇ ಸರಿಯಿಲ್ಲ ಎಂದು ಎಷ್ಟು ಗಿರಾಕಿಗಳನ್ನು ಸಾಗಹಾಕಿದ್ದೇನೋ ನನಗೇ ಗೊತ್ತು. ಅಂಥವನ ಹೆಸರನ್ನು ಅವಳು ಅಲ್ಲಿ ಗೌರವದಿಂದ ಎತ್ತಿದಾಗ ನಾಚಿಕೆಯಾಯಿತು. ಇವಳು ನನ್ನ ಹೆಂಡತಿ ಎಂದು ಎದೆಯೂ ಉಬ್ಬಿತು.

ನೋಟಿಸು ರದ್ದಾಯಿತು. ಹನ್ನೆರಡು ಯಂತ್ರಗಳೂ ಕೈತಪ್ಪಿ, ಊರಿನ ದೊಡ್ಡ ಕಂಪ್ಯೂಟರ್ ಅಂಗಡಿಯವರ ಪಾಲಾದವು. ಅವಳು ಒಂದು ವಾರ ಸಪ್ಪಗಿದ್ದಳು, ಆಮೇಲೆ ಇನ್ನೊಂದು ಯಂತ್ರ ಕಟ್ಟಲು ಕುಳಿತಳು. ಅಂದಿನಿಂದ ಮುಚ್ಚಳ ಬಿಗಿದೇ ಮೂರು ದಿನ ಓಡಿಸುತ್ತಾಳೆ.

ಎರಡು ತಿಂಗಳಾದ ಮೇಲೆ ನಕ್ಷೆಗಾರರು ಅಂಗಡಿಗೆ ಫೋನು ಮಾಡಿದರು. ನಾನೇ ಎತ್ತಿಕೊಂಡೆ. ಅವರ ಕಚೇರಿಗೂ ಮುಖ್ಯ ಕಚೇರಿಯವರು ದೊಡ್ಡ ಅಂಗಡಿಯ ಯಂತ್ರವನ್ನೇ ಕಳಿಸಿದ್ದರಂತೆ. ಇವರು ಅದರ ಕಟ್ಟನ್ನೂ ಬಿಚ್ಚದೆ ಬಂದ ಗಾಡಿಯಲ್ಲೇ ಹಿಂದಕ್ಕೆ ಕಳಿಸಿದರಂತೆ. ಸಾಹೇಬರು ಸಿಟ್ಟಿನಿಂದ ಕಾರಣ ಕೇಳಿದರಂತೆ. ಅದಕ್ಕೆ ತಾವು ಕೊಟ್ಟ ಉತ್ತರವನ್ನು ಮೇಡಂಗೆ ತಿಳಿಸಬೇಕು ಎಂದರು. ನಾನು ಪರದೆ ಸರಿಸಿ, ಫೋನನ್ನು ಅವಳ ಕಿವಿಗೆ ಹಿಡಿದು, ನಾನೂ ಕಿವಿ ತಾಗಿಸಿದೆ.

"ಹಳೇದು ಕೆಟ್ರೆ ನನ್ನ ತಪ್ಪು ಅಂತ ಎದುರಿಗೆ ಬಂದು ನಿಲ್ಲೋರು ಒಬ್ಬರಿದ್ದಾರೆ ಸಾರ್. ಹೊಸದಕ್ಕೆ ಯಾರಿದ್ದಾರೆ ಹೇಳಿ, ತಗೋತೀನಿ ಅಂದೆ ಮೇಡಂ."