ಹತ್ತಿಕೈ ಅಕ್ಕನ ಬಿಳಿ ಸ್ಟ್ರಾಬೆರಿ

ಬೆಳಗಿನ ಐದೂವರೆ. ಪಾಲಿಹೌಸಿನ ಒಳಗೆ ಇನ್ನೂ ಮಬ್ಬು. ಹಣೆಗೆ ಪುಟ್ಟ ಟಾರ್ಚ್ ಕಟ್ಟಿಕೊಂಡ ಐವತ್ತಾರರ ಹೆಂಗಸೊಬ್ಬರು ಗಿಡಗಳ ಸಾಲಿನ ಮುಂದೆ ಸೊಂಟ ಬಗ್ಗಿಸಿ ನಿಂತಿದ್ದಾರೆ. ಎಡಗೈಯ ಎರಡು ಬೆರಳ ನಡುವೆ ಒಂದು ತೊಟ್ಟು, ಬಲಗೈಯಲ್ಲಿ ಸಣ್ಣ ಕತ್ತರಿ. ಕಚಕ್. ತೊಟ್ಟಿನ ತುದಿಯಲ್ಲಿ ತೂಗುತ್ತಿರುವುದು ಹಾಲಿನ ಕೆನೆಯ ಬಣ್ಣದ ಸ್ಟ್ರಾಬೆರಿ. ಅದನ್ನು ಸ್ಪಂಜು ಹಾಸಿದ ಟ್ರೇಯಲ್ಲಿ ಮಲಗಿಸುತ್ತಾರೆ. ಈಗಷ್ಟೇ ನಿದ್ದೆ ಹೋದ ಮಗುವಿನ ತಲೆಯಡಿಯಿಂದ ಉಸಿರು ಬಿಗಿಹಿಡಿದು ಕೈ ಎಳೆದುಕೊಳ್ಳುತ್ತೇವಲ್ಲ, ಹಾಗೆ. ಇಷ್ಟಾದರೂ ಅವರ ಬೆರಳು ಹಣ್ಣಿಗೆ ಒಮ್ಮೆಯೂ ತಾಕಿಲ್ಲ.

"ತೊಟ್ಟು ಮಾತ್ರ ನಂದು. ಹಣ್ಣು ಮುಟ್ಟೋ ಹಾಗಿಲ್ಲ," ಎಂದು ನಗುತ್ತಾರೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಹತ್ತಿಕೈ ಅಕ್ಕ ಎಂದು. ಕೈ ಹತ್ತಿಯಷ್ಟು ಹಗುರ, ಅದಕ್ಕೆ. ಹನ್ನೊಂದು ವರ್ಷ ಪ್ಯಾಕಿಂಗ್ ಕೋಣೆಯ ಉದ್ದದ ಮೇಜಿನಲ್ಲಿ ಕೂತು ದೊಡ್ಡ ಹೋಟೆಲುಗಳಿಗೆ, ದೊಡ್ಡ ಮನೆಗಳ ಮದುವೆಗಳಿಗೆ ಹೋಗುವ ಪೆಟ್ಟಿಗೆಗಳನ್ನು ಜೋಡಿಸಿದವರು. ಮೇಜಿನಲ್ಲಿದ್ದ ಆರು ಹೆಂಗಸರಲ್ಲಿ ತಮ್ಮನ್ನು ಬಿಟ್ಟು ಉಳಿದ ಐವರಿಗೆ ಕೆಲಸ ಕಲಿಸಿದ್ದೂ ಇವರೇ. ಎರಡು ತಿಂಗಳಿಂದ ಮಾತ್ರ ಅವರಿಗೆ ಆ ಕೋಣೆಯಲ್ಲಿ ಜಾಗವಿಲ್ಲ. ಜಾಗ ಬಿಟ್ಟುಕೊಟ್ಟವರೂ ಅವರೇ.

ಅದಕ್ಕೆ ಮೊದಲು ಈ ಹಣ್ಣಿನ ಕಥೆ ಒಂದಿಷ್ಟು. ಬಿಳಿ ಸ್ಟ್ರಾಬೆರಿಯನ್ನು ಬೆಳೆಯುವವರೇ ಕಡಿಮೆ. ಅದು ಮಾಗಿದೆಯೋ ಇಲ್ಲವೋ ಎಂದು ನೋಡಿ ಹೇಳಬಲ್ಲವರು ಇನ್ನೂ ಕಡಿಮೆ. "ಕೆಂಪು ಹಣ್ಣು ಕೂಗಿ ಹೇಳುತ್ತೆ, ಹಣ್ಣಾಗಿದೀನಿ ಬಾ ಅಂತ. ಇದು ಬಾಯೇ ಬಿಡಲ್ಲ, ಮಹಾ ಬಿಗುಮಾನ. ಮೈಮೇಲಿನ ಬೀಜ ನೋಡ್ಬೇಕು. ಬೀಜ ಹಸಿರಿದ್ರೆ ಹುಳಿ, ಕೆಂಪಾಗಿದ್ರೆ ಒಳಗೆ ಸಕ್ಕರೆ." ಬಿಸಿಲು ಹೆಚ್ಚು ಬಿದ್ದರೆ? "ನಾಚ್ಕೊಂಡು ಕೆನ್ನೆ ಕೆಂಪು ಮಾಡ್ಕೊಳುತ್ತೆ. ಅಲ್ಲಿಗೆ ದೊಡ್ಡ ಮನೆ ಸಂಬಂಧ ತಪ್ಪಿಹೋಯ್ತು ಅನ್ನಿ!"

ಒಂಬತ್ತು ಗಂಟೆಯೊಳಗೆ ಅವರು ಕತ್ತರಿಸುವುದು ಸುಮಾರು ನಾನ್ನೂರು ಹಣ್ಣು. ಬಣ್ಣ, ಆಕಾರ, ಗಾತ್ರ ಎಲ್ಲ ಸರಿಯಾಗಿ ಪೆಟ್ಟಿಗೆ ಸೇರುವುದು ಅದರಲ್ಲಿ ಅರ್ಧವೂ ಇಲ್ಲ. ಪೆಟ್ಟಿಗೆಗೆ ಹದಿನೈದು. ಉಳಿದದ್ದು ಜಾಮ್‌ಗೆ, ಕೆಲಸದವರ ಮನೆಗೆ. ಬಡವರು ಬೆಳೆದು ಶ್ರೀಮಂತರು ತಿನ್ನುವ ಹಣ್ಣಿನ ಬಗ್ಗೆ ಏನೋ ಒಂದು ಕಣ್ಣೀರಿನ ಸಾಲು ಸಿಗುತ್ತದೆಂದು ಕೇಳಿದೆ, ನೀವು ಇದನ್ನು ತಿಂದಿದ್ದೀರಾ?

"ದಿನಾ ತಿಂತೀನಿ! ಸಾಕಾಗಿದೆ. ನಮ್ಮನೆಯವರು ಹೇಳ್ತಾರೆ, ಕಣ್ಣು ಮುಚ್ಕೊಂಡು ತಿಂದ್ರೆ ಇದಕ್ಕೂ ಕೆಂಪಿಗೂ ಏನೇ ವ್ಯತ್ಯಾಸ ಅಂತ. ಕಣ್ಣು ಮುಚ್ಕೊಂಡು ತಿನ್ನೋರಿಗಲ್ಲ ಕಣ್ರೀ ಇದು ಅಂದೆ."

ಈ ಹಣ್ಣಿನ ಇನ್ನೊಂದು ಗುಣ ಅದರ ನೆನಪು. ಒಮ್ಮೆ ಯಾರಾದರೂ ಒತ್ತಿದರೆ ಆಗ ಏನೂ ಕಾಣುವುದಿಲ್ಲ. ನಾಲ್ಕು ಗಂಟೆಯ ನಂತರ ಬಿಳಿ ಮೈಮೇಲೆ ತೆಳು ಚಹಾ ಚೆಲ್ಲಿದ ಹಾಗೆ ಕಂದು ಕಲೆ ಏಳುತ್ತದೆ. ಕೆಂಪು ಹಣ್ಣಿನಲ್ಲಾದರೆ ಅದು ಬಣ್ಣದಲ್ಲೇ ಅಡಗಿಹೋಗುತ್ತದೆ. ಇಲ್ಲಿ ಹೋಟೆಲಿನವರು ಪೆಟ್ಟಿಗೆ ತೆರೆಯುವ ಹೊತ್ತಿಗೆ ಸರಿಯಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಅಕ್ಕ ಹನ್ನೊಂದು ವರ್ಷ ಮನೆಯಲ್ಲಿ ಪಾತ್ರೆ ಉಜ್ಜಲಿಲ್ಲ, ಬಟ್ಟೆ ಹಿಂಡಲಿಲ್ಲ. ಶಾಲಾ ಬಸ್ಸಿನ ಚಾಲಕರಾಗಿದ್ದ ಗಂಡನೇ ಎಲ್ಲ ಮಾಡಿದರು. ನೆರೆಮನೆಯವರು, "ಏನ್ ಮಹಾರಾಣಿ ಕೈನಮ್ಮಾ ನಿಂದು," ಎಂದು ಹಂಗಿಸಿದರೆ, "ಹೌದು, ಅದಕ್ಕೇ ಒಬ್ಬ ರಾಜನ್ನ ಕೆಲಸಕ್ಕಿಟ್ಕೊಂಡಿದೀನಿ," ಎನ್ನುತ್ತಿದ್ದರಂತೆ.

ಎರಡು ತಿಂಗಳ ಹಿಂದೆ ಒಂದೇ ವಾರದಲ್ಲಿ ಮೂರು ಬಾರಿ ಪೆಟ್ಟಿಗೆಗಳು ವಾಪಸ್ಸು ಬಂದವು. ಎಲ್ಲದರಲ್ಲೂ ಬೆರಳಿನ ಗಾತ್ರದ ಕಂದು ಕಲೆ. ಕೋಣೆಯ ಕಣ್ಣೆಲ್ಲ ತಿರುಗಿದ್ದು ಹೊಸದಾಗಿ ಸೇರಿದ್ದ ಟೈಲರಮ್ಮನ ಮೇಲೆ. ಮೂವತ್ತು ವರ್ಷ ಸೂಜಿ ಹಿಡಿದ ಕೈ, ಬೆರಳ ತುದಿ ಗಟ್ಟಿ ಕಟ್ಟಿದೆ. ಇನ್ನು ಯಾರದ್ದಿರುತ್ತದೆ? ಶನಿವಾರದಿಂದ ಬರುವುದು ಬೇಡ ಎಂದು ಮಾಲೀಕರು ಹೇಳಿಯೂಬಿಟ್ಟರು.

"ನಾನು ಅತ್ತುಬಿಟ್ಟೆ," ಎನ್ನುತ್ತಾರೆ ಟೈಲರಮ್ಮ, ಪೆಟ್ಟಿಗೆಯಿಂದ ಕಣ್ಣೆತ್ತದೆ. "ಬೆರಳು ಗಟ್ಟಿ ಹೌದು ಸಾರ್. ಆದ್ರೆ ಒತ್ತೋ ಅಭ್ಯಾಸ ನಂಗಿಲ್ಲ. ಸ್ಯಾಟಿನ್ ಬಟ್ಟೇನ ಒತ್ತಿ ಹಿಡಿದ್ರೆ ಜಾರಿಹೋಗುತ್ತೆ. ಯಾರು ಕೇಳ್ತಾರೆ ನನ್ನ ಮಾತು?"

ಕೇಳಿದ್ದು ಅಕ್ಕ. ಶುಕ್ರವಾರ ಬೆಳಿಗ್ಗೆ ಕೆನ್ನೆ ಕೆಂಪಾದ ಹಣ್ಣುಗಳನ್ನು ಆರಿಸಿ ತಂದರು. ತಾವೂ ಸೇರಿ ಆರೂ ಜನ ಐದೈದು ಹಣ್ಣು ಜೋಡಿಸಬೇಕು, ಪೆಟ್ಟಿಗೆಯಡಿ ಅವರವರ ಚೀಟಿ ಅಂಟಿಸಬೇಕು, ಮುಚ್ಚಿ ಕಪಾಟಿನಲ್ಲಿಡಬೇಕು. ಮಧ್ಯಾಹ್ನ ಎರಡಕ್ಕೆ ಎಲ್ಲರೆದುರು ತೆರೆದರು. ಐದು ಪೆಟ್ಟಿಗೆ ಶುಭ್ರ. ಆರನೆಯದರಲ್ಲಿ ಮೂರು ಹಣ್ಣಿನ ಭುಜದ ಮೇಲೆ ಕಲೆ. ಮಗುಚಿ ಚೀಟಿ ನೋಡಿದರೆ, ಅಕ್ಕನದೇ.

"ಚೀಟಿ ಅದಲು ಬದಲಾಗಿದೆ ಅಂದೆ. ಸುಳ್ಳು ಯಾಕೆ ಹೇಳ್ಲಿ, ಹಾಗೇ ಅಂದೆ. ಒಬ್ಳೇ ಕೂತು ಇನ್ನೊಂದು ಪೆಟ್ಟಿಗೆ ಜೋಡಿಸ್ದೆ. ಆರು ಗಂಟೆಗೆ ತೆಗೆದೆ. ಮತ್ತದೇ ಕಲೆ."

ಪೆಟ್ಟಿಗೆ ಹಿಡಿದು ನೇರ ಮಾಲೀಕರ ಬಳಿ ಹೋದರು. ಅವರು ನಂಬಲಿಲ್ಲ. "ಸುಮ್ನಿರಿ ಅಕ್ಕಾ, ಅವರನ್ನ ಉಳಿಸೋಕೆ ನೀವು ತಪ್ಪು ಮೈಮೇಲೆ ಹಾಕ್ಕೋಬೇಡಿ."

"ಕೈ ಕೊಡಿ ಇಲ್ಲಿ," ಎಂದು ಅಕ್ಕ ಅವರ ಅಂಗೈ ಎಳೆದುಕೊಂಡು, ತಮಗೆ ಗೊತ್ತಿದ್ದಷ್ಟು ಮೃದುವಾಗಿ ಹೆಬ್ಬೆರಳಿಟ್ಟರು.

"ಅಯ್ಯೋ, ನೋಯುತ್ತೆ!"

"ಈಗ ನಂಬ್ತೀರಾ?"

ಟೈಲರಮ್ಮ ಉಳಿದರು. ಅಕ್ಕ ಮೇಜು ಬಿಟ್ಟು ಕತ್ತರಿ ಹಿಡಿದರು. ಹತ್ತಿಯಂಥ ಕೈಗೆ ಈ ಭಾರ ಬಂದದ್ದೆಲ್ಲಿಂದ ಎಂಬುದು ಅವರಿಗೆ ಮನೆಗೆ ಹೋದ ಮೇಲೆ ಹೊಳೆಯಿತು. ಗಂಡನ ಮಂಡಿಗೆ ನಾಲ್ಕು ತಿಂಗಳ ಹಿಂದೆ ಆಪರೇಷನ್ ಆಗಿದೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಮಂಡಿಯ ಸುತ್ತ, ತೊಡೆಯ ತನಕ ಒತ್ತಬೇಕೆಂದು ಫಿಸಿಯೋಥೆರಪಿಯವರು ತೋರಿಸಿಕೊಟ್ಟಿದ್ದರು. ಮೊದಮೊದಲು ಅಕ್ಕ ತಮ್ಮ ರೂಢಿಯಂತೆ ಹೂವು ಸವರಿದ ಹಾಗೆ ಸವರುತ್ತಿದ್ದರು. ಗಂಡ ರೇಗಿಸುತ್ತಿದ್ದರು: "ಇದು ನಿನ್ನ ಸ್ಟ್ರಾಬೆರಿ ಅಲ್ಲ ಕಣೇ, ಮಂಡಿ! ಜೋರಾಗಿ ಒತ್ತು." ಒತ್ತಿದರು. ದಿನ ಕಳೆದಂತೆ ಕೈ ಕಲಿತುಕೊಂಡಿತು. ಕಲಿತ ಕೈ ಕೆಲಸದಲ್ಲಿ ಮರೆಯಲಿಲ್ಲ.

ಅವರ ಮನೆಗೂ ಹೋಗಿದ್ದೆ. ಗಂಡ ಅಡುಗೆಮನೆಯ ಸಿಂಕಿನ ಮುಂದೆ ಎತ್ತರದ ಸ್ಟೂಲು ಹಾಕಿಕೊಂಡು ಕೂತು ಪಾತ್ರೆ ತೊಳೆಯುತ್ತಿದ್ದರು. ನಿಲ್ಲಲು ಆಗುವುದಿಲ್ಲ, ಆದರೆ ಕೆಲಸ ಬಿಟ್ಟಿಲ್ಲ. "ನನ್ನ ಮಂಡಿ ಇವಳ ಹೆಸರು ಕೆಡಿಸ್ತು," ಎಂದರು ನೊಂದು. "ಒತ್ತೋದು ನಿಲ್ಸು ಅಂತ ಬೇಡ್ಕೊಂಡೆ. ಕೇಳ್ಬೇಕಲ್ಲ!"

"ಮಗಳ ಹತ್ರ ಒತ್ತಿಸ್ಕೊಳ್ಳಿ, ಪಕ್ಕದ ಮನೆಯವರನ್ನ ಕರೀತೀನಿ ಅಂದ್ರೆ ನೀವು ಕೇಳಿದ್ರಾ?" ಒಳಗಿನಿಂದ ಅಕ್ಕನ ಉತ್ತರ.

"ಎಲ್ಲರ ಮುಂದೂ ಪ್ಯಾಂಟ್ ಮಡಚ್ಕೊಂಡು ಕೂರೋಕಾಗುತ್ತಾ?"

"ಹಾಗಾದ್ರೆ ಬಾಯ್ಮುಚ್ಕೊಂಡು ತೊಳೀರಿ. ಆ ಲೋಟಕ್ಕಿನ್ನೂ ಸೋಪಿದೆ."

ಮಾಲೀಕರು ಈ ತಿಂಗಳ ಕೊನೆಯವರೆಗೆ ಅಕ್ಕನ ಕುರ್ಚಿಗೆ ಯಾರನ್ನೂ ಹಾಕುವುದಿಲ್ಲ ಎಂದಿದ್ದರು. ಮಂಡಿ ಒತ್ತುವುದನ್ನು ನಿಲ್ಲಿಸಿ ಕೈಗೆ ಒಂದಿಷ್ಟು ವಿಶ್ರಾಂತಿ ಕೊಟ್ಟರೆ ಹಗುರ ಮರಳಬಹುದು, ಮತ್ತೆ ಪರೀಕ್ಷೆ ಮಾಡೋಣ ಎಂಬ ಮಾತಾಗಿತ್ತು. ಇತ್ತ ಮಂಡಿ ಈಗಷ್ಟೇ ಬಗ್ಗಲು ಶುರುವಾಗಿದೆ. ಈಗ ಬಿಟ್ಟರೆ ಮತ್ತೆ ಬಿಗಿಯುತ್ತದೆ ಎಂದು ಫಿಸಿಯೋಥೆರಪಿಯವರ ಎಚ್ಚರಿಕೆ. ನಾನು ಹೋಗುವ ಮುಂಚಿನ ಸೋಮವಾರವೇ ಅಕ್ಕ ಮಾಲೀಕರಿಗೆ ಹೇಳಿಬಿಟ್ಟಿದ್ದಾರೆ, ಕಾಯಬೇಡಿ, ಮೇಜಿನ ಉಸ್ತುವಾರಿ ಟೈಲರಮ್ಮನಿಗೆ ಕೊಡಿ ಎಂದು.

ಹನ್ನೊಂದು ವರ್ಷದ ಜಾಗ, ಬೇಜಾರಿಲ್ಲವೇ? ಕತ್ತರಿಯ ಬಾಯಿಯನ್ನು ಬಟ್ಟೆಯಿಂದ ಒರೆಸುತ್ತಾರೆ.

"ಇದೆ. ಆ ಕೋಣೆ ದಾಟೋವಾಗ ಈಗ್ಲೂ ಬೇಕಂತ್ಲೇ ಆ ಕಡೆ ನೋಡಲ್ಲ. ನಾವು ವಾಸವಾಗಿರೋದು ಎರಡನೇ ಮಹಡೀಲಿ, ಮೂವತ್ತಾರು ಮೆಟ್ಟಿಲು. ಹಣ್ಣಿನ ಕಾಲ ಮುಗಿಯೋದ್ರೊಳಗೆ ಅವರು ಯಾರ ಭುಜವೂ ಹಿಡೀದೆ ಇಳಿದು ರಸ್ತೆಗೆ ಬರ್ಬೇಕು, ನಂಗೆ ಅಷ್ಟೇ ಆಸೆ." ಮುಂದಿನ ತೊಟ್ಟಿಗೆ ಕೈ ಹೋಗುತ್ತದೆ. "ಹಣ್ಣಿಗೆ ಐದು ಜನರ ಕೈ ಇದೆ ಸಾರ್. ಆ ಮಂಡಿಗಿರೋದು ನಂದೊಂದೇ."