ಮಾಳಿಗೆಯ ಮೇಲೆ ಹರವಿದ ಸೀರೆ

ಬೆಳಿಗ್ಗೆ ಟ್ರಂಕು ತೆಗೆದಾಗ ಕರ್ಪೂರದ ವಾಸನೆಯ ಜೊತೆಗೇ ಅವ್ವನ ಇಳಕಲ್ ಸೀರೆ ಕೈಗೆ ಬಂತು. ಅದರ ಕೆಂಪು ಬಣ್ಣ ಬಿಸಿಲಿಗೆ ಮಾಸಿದೆ. ಅದು ಮಾಸಿದ್ದಕ್ಕೆ ಒಂದು ವಿಮಾನ ಕಾರಣ ಎಂದರೆ ನೀವು ನಗುತ್ತೀರಿ. ನಗಿ, ನಾನೂ ಆಗ ನಕ್ಕವನೇ.

ಧಾರವಾಡದಿಂದ ಈ ಕಾಶಿಗೆ ಪಾಠ ಹೇಳಲು ಬಂದ ನನ್ನ ಜೊತೆ ಭೇಲೂಪುರದ ಬಾಡಿಗೆ ಮನೆ ಸೇರಿದ ಅವ್ವ, ಕಾಶೀವಾಸದ ವ್ರತ ಹಿಡಿದಳು. ಇನ್ನು ಸಾಯುವವರೆಗೆ ಕಾಶಿಯ ಎಲ್ಲೆ ದಾಟುವಂತಿಲ್ಲ. ಗಂಗೆಯ ಆಚೆ ದಡ ಕಾಶಿಯಲ್ಲವಂತೆ. ಹಾಗಾಗಿ ಸೇತುವೆಯಾಚೆಯ ರಾಮನಗರವೂ ಅವಳಿಗೆ ಪರದೇಶ. ನಾನೋ, ಅಲ್ಲಿಯ ಲಸ್ಸಿಗಾಗಿ ವಾರವಾರ ಎಲ್ಲೆ ಮೀರುತ್ತಿದ್ದ ಪಾಪಿ.

ಹೀಗಿರುವಾಗ ನನ್ನ ಮಗಳು ಸುಮಾ ಸೇನೆಗೆ ಆಯ್ಕೆಯಾದಳು. ಹೊಸದಾಗಿ ಸೇನೆ ಸೇರುವವರಿಗೆ ಹಾರಾಟದ ರುಚಿ ತೋರಿಸಲೆಂದು ಹೊಳೆಯಾಚೆಯ ಒಂದು ಕ್ಲಬ್ಬು, ಇಬ್ಬರೇ ಕೂರುವ ಪುಟ್ಟ ವಿಮಾನಕ್ಕೆ ಅಗ್ಗದಲ್ಲಿ ಹತ್ತಿಸುತ್ತಿತ್ತು. ಮೇಷ್ಟರ ಮನೆಯವರಿಗೂ ಎಟಕುವಂತೆ. ಮೊಮ್ಮಗಳು ಹಾರುವುದನ್ನು ಕಣ್ಣಾರೆ ನೋಡಬೇಕೆಂದು ಅವ್ವನ ಜೀವ ಹಾತೊರೆಯಿತು. ಇನ್ನೊಂದು ವಾರ ಕಳೆದರೆ ಹುಡುಗಿ ತರಬೇತಿಗೆ ಹೊರಡುವವಳು. ಆದರೆ ಹೊಳೆ ದಾಟುವುದು ಹೇಗೆ?

"ನಾ ಒಲ್ಲೆಪಾ, ವ್ರತ ಅಂದ್ರ ವ್ರತ," ಎಂದು ಅವ್ವ ಕಣ್ಣೊರೆಸಿಕೊಂಡಳು.

ಸುಮಾಳೇ ದಾರಿ ಹುಡುಕಿದಳು. "ಅಜ್ಜಿ, ಪೈಲಟ್ ಸಾಹೇಬ್ರು ಹೊಳಿ ಮ್ಯಾಲೆ ಒಂದ್ ಚಕ್ಕರ್ ಹೊಡಸ್ತಾರಂತ. ನೀ ಛತ್ ಮ್ಯಾಲೆ ಕೆಂಪು ಸೀರಿ ಹಾಸು. ನಾ ಊಪರ್ ಸೇ ನೋಡ್ತೀನಿ, ಪಕ್ಕಾ."

ಸುಮಾ ಹಾರುವ ದಿನ ಅವ್ವ ಬೆಳಗಾಗುತ್ತಲೇ ಮಾಳಿಗೆಯ ಮೇಲೆ ಸೀರೆ ಹರವಿ, ಗಾಳಿಗೆ ಹಾರದಂತೆ ಇಟ್ಟಿಗೆ ಹೇರಿ ಕಾದಳು. ಕೊನೆಗೂ ಹೊಳೆಯ ಮೇಲೆ ಗುಂಯ್ ಎನ್ನುತ್ತ ಸೊಳ್ಳೆಯಂಥ ವಿಮಾನ ಕಂಡಿತು. ಅವ್ವ ಎರಡೂ ಕೈ ಎತ್ತಿ ಬೀಸಿದಳು. ಅದು ಮರೆಯಾದ ಮೇಲೆ ದೊಡ್ಡ ವಿಮಾನವೊಂದು ಬಂತು, ಅದಕ್ಕೂ ಬೀಸಿದಳು.

"ಅವ್ವಾ, ಅದು ದಿಲ್ಲೀಗೆ ಹೋಗೂದು!" ಎಂದು ನಕ್ಕೆ.

"ಇರ್ಲಿ ತಗೋ. ಅದರಾಗೂ ಯಾರದೋ ಕೂಸು ಇರ್ತದ."

ಸಂಜೆ ಸುಮಾ ಬಂದವಳೇ "ಕಂಡ್ತು ಅಜ್ಜಿ, ಸಾಫ್ ಕಂಡ್ತು!" ಎಂದು ಅವ್ವನನ್ನು ತಬ್ಬಿಕೊಂಡಳು. ಆಮೇಲೆ ನನ್ನನ್ನು ಮೆಟ್ಟಿಲ ಬಳಿ ಕರೆದು ಪಿಸುಗುಟ್ಟಿದಳು: "ಅಪ್ಪಾ, ಪೂರಾ ಮೊಹಲ್ಲಾದಾಗ ಎಲ್ಲಾ ಛತ್ ಮ್ಯಾಲೂ ಸೀರಿ ಒಣಹಾಕ್ಯಾರ! ನಮ್ದು ಯಾವ್ದು ತಿಳೀಲೇ ಇಲ್ಲ. ಎಲ್ಲಾದಕ್ಕೂ ಕೈ ಬೀಸಿದೆ."

ಬನಾರಸಿನಲ್ಲಿ ಗುರುತಿಗೆಂದು ಸೀರೆ ಹಾಸಿದ ಜಾಣರು ನಾವು!

ಸುಮಾ ಹೋದ ಮೇಲೆ ವಿಮಾನದ ಸದ್ದು ಕೇಳಿದಾಗಲೆಲ್ಲ ಅವ್ವ ಆ ಸೀರೆ ಹರವತೊಡಗಿದಳು. ಕೊನೆಗೆ ತನ್ನಿಷ್ಟದಂತೆ ಕಾಶಿಯಲ್ಲೇ ಕಣ್ಣು ಮುಚ್ಚಿದಳು. ಗಡಿಯಲ್ಲಿದ್ದ ಸುಮಾಳಿಗೆ ಬರಲಾಗಲಿಲ್ಲ. ಅದು ನನಗೆ ಇಂದಿಗೂ ಸಂಕಟ.

ಸೀರೆಗೆ ಒಂದಿಷ್ಟು ಬಿಸಿಲು ಕಾಣಿಸೋಣವೆಂದು ಈಗ ಮಾಳಿಗೆಗೆ ಬಂದಿದ್ದೇನೆ. ಸುತ್ತ ಯಾರ್ಯಾರದೋ ಸೀರೆಗಳು. ಹೊಳೆಯ ಕಡೆಯಿಂದ ಅದೇ ಗುಂಯ್ ಸದ್ದು. ಸುಮಾ ಇರುವುದು ಎಲ್ಲೋ ದೂರದ ಹಿಮದಲ್ಲಿ, ಇದು ಅವಳಲ್ಲವೆಂದು ಗೊತ್ತು. ಆದರೂ ಇಟ್ಟಿಗೆ ಇಟ್ಟು ಸೀರೆ ಹರವಿ, ಎರಡೂ ಕೈ ಎತ್ತಿ ಬೀಸಿದೆ.